ಬೀಗರಿಗೆ ತೋರಿಸುವ ಮುಖ

ಆ ಗುರುವಾರ ಸಂಜೆ ಹಾರಿಮ್ ಊಟದ ಮೇಜಿನ ಮೇಲೆ, ಕಿಮ್ಚಿ ಬಟ್ಟಲಿಗೂ ಒಣಮೀನಿನ ತಟ್ಟೆಗೂ ನಡುವೆ, ಐದು ಸೀಸೆಗಳನ್ನು ಸಾಲಾಗಿ ಇಟ್ಟಳು. ಅವಳ ಅಜ್ಜಿ ಸುನ್‌ಇಮ್ ಕೊನೆಯ ಸೀಸೆಯನ್ನು ಎತ್ತಿ ಮೂಸಿ ನೋಡಿದಳು.

"ಇದೇನೇ ಇದು, ಮೀನಿಗೆ ನೆಂಚ್ಕೊಳ್ಳಕ್ಕಾ?"

"ಕೆಳಗಿಡಜ್ಜಿ. ಅದು ಅಮ್ಮನ ಮುಖಕ್ಕೆ."

ಅಮ್ಮ ಓಕ್‌ಬುನ್ ಒಲೆಯ ಮುಂದೆ ನಿಂತು ಸೋಯಾ ಸಾರನ್ನು ಬಟ್ಟಲುಗಳಿಗೆ ಬಗ್ಗಿಸುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟವಳು ಆಗಷ್ಟೇ ಬಂದಿದ್ದಳು. ವಯಸ್ಸು ಐವತ್ತೊಂಬತ್ತು. ಬುಸಾನ್ ಬಂದರು ಪಟ್ಟಣದ ಈ ದಿಬ್ಬದ ಕೆಳಗೆ, ಮಾರುಕಟ್ಟೆಯ ಹಿಂದಿರುವ ಸಾರ್ವಜನಿಕ ಸ್ನಾನದ ಮನೆಯಲ್ಲಿ ಹೆಂಗಸರ ಮೈ ಉಜ್ಜುವುದು ಅವಳ ಕೆಲಸ. ಇಪ್ಪತ್ತಾರು ವರ್ಷಗಳಿಂದ ಹಬೆಯಲ್ಲಿ ಬೆಂದು ಅವಳ ಕೈಬೆರಳುಗಳು ಸದಾ ನೀರಲ್ಲಿ ನೆನೆಸಿಟ್ಟ ಕಾಳಿನ ಹಾಗೆ ಇರುತ್ತಿದ್ದವು. ಮುಖದ ಕಡೆ ಅವಳು ಗಮನ ಕೊಟ್ಟು ಯಾವ ಕಾಲವಾಯಿತೋ.

"ನನ್ನ ಮುಖಕ್ಕೇನಾಗಿದೆ?" ಎಂದಳು.

"ಉಜಿನ್ ಅಪ್ಪ ಅಮ್ಮ ಮದುವೆ ಮಾತಿಗೆ ದಿನ ಗೊತ್ತು ಮಾಡಿದಾರೆ. ಇನ್ನು ಆರು ವಾರ, ಶನಿವಾರ ಮಧ್ಯಾಹ್ನ. ಎರಡೂ ಮನೆಯವರು ಕೂತು ಊಟ ಮಾಡಬೇಕಂತೆ."

ಅಪ್ಪ ಕಿಚೋಲ್ ಚಮಚ ಕೆಳಗಿಟ್ಟ. ಹಡಗು ರಿಪೇರಿಯ ಕಾರ್ಖಾನೆಯಲ್ಲಿ ಬಣ್ಣ ಬಳಿದು ಬಳಿದು ಸೊಂಟ ಬಿದ್ದಮೇಲೆ ಈಗ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವ ಮನುಷ್ಯ. "ಒಳ್ಳೇ ಸುದ್ದೀನೇ ಅಲ್ವೇನೆ. ಅದಕ್ಕೂ ಈ ಸೀಸೆಗೂ ಏನು ಸಂಬಂಧ?"

ಹಾರಿಮ್ ಅನ್ನವನ್ನು ಚಮಚದಲ್ಲಿ ಕೆದಕಿದಳು. ಹಲ್ಲಿನ ಆಸ್ಪತ್ರೆಯಲ್ಲಿ ಬಂದವರನ್ನು ನಗುನಗುತ್ತಾ ಕೂರಿಸುವ ಹುಡುಗಿ ಮನೆಯಲ್ಲಿ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಕೊನೆಗೆ ಹೇಳಿದಳು: "ಅಮ್ಮ ಸ್ಕಿನ್ ಕೇರ್ ಅಂಗಡಿ ನಡೆಸ್ತಾರೆ ಅಂತ ಅವರಿಗೆ ಹೇಳಿದೀನಿ."

ಸಾರಿನ ಸೌಟು ಪಾತ್ರೆಯ ಅಂಚಿಗೆ ಬಡಿಯಿತು.

"ಅದು ಸುಳ್ಳೇನಲ್ಲ ಬಿಡು," ಎಂದ ಕಿಚೋಲ್, ಇಬ್ಬರನ್ನೂ ಸಮಾಧಾನ ಮಾಡಲು ನೋಡುತ್ತಾ. "ಚರ್ಮದ್ದೇ ಕೆಲಸ ತಾನೆ."

"ನೀವು ಸುಮ್ನಿರಿ," ಎಂದಳು ಓಕ್‌ಬುನ್. ಮಗಳ ಬಟ್ಟಲನ್ನು ಅವಳ ಮುಂದೆ ಇಟ್ಟು, "ಮೈ ಉಜ್ತಾಳೆ ಅನ್ನಕ್ಕೆ ನಾಚಿಕೆ ಆಯ್ತಾ?" ಎಂದು ಕೇಳಿದಳು.

"ನಾಚಿಕೆ ಅಲ್ಲಮ್ಮ. ಅವರಪ್ಪ ಹೆಡ್‌ಮಾಸ್ಟರ್ ಆಗಿದ್ದೋರು. ಕೇಳಿದ ತಕ್ಷಣ ಬಾಯಿಗೆ ಏನು ಬಂತೋ ಅದನ್ನ ಅಂದ್ಬಿಟ್ಟೆ. ಈಗ ಸ್ಕಿನ್ ಕೇರ್‌ನೋರ ಮುಖ ಹೀಗಿದ್ರೆ ನಂಬ್ತಾರಾ?"

"ಹೀಗಿದ್ರೆ ಅಂದ್ರೆ ಹೇಗಿದ್ರೆ?" ಎಂದಳು ಅಜ್ಜಿ. "ನಿಮ್ಮಮ್ಮನ ಮುಖ ಏನು ಸುಟ್ಟ ಬದನೆಕಾಯಾ?" ಸೊಸೆಯನ್ನು ಹೊತ್ತು ಹೊತ್ತಿಗೆ ಚುಚ್ಚುವ ಹಕ್ಕು ತನ್ನೊಬ್ಬಳದೇ ಎಂದು ಆ ಮುದುಕಿ ತಿಳಿದಿದ್ದಳು, ಬೇರೆಯವರು ಚುಚ್ಚಿದರೆ ಅವಳಿಗೆ ಆಗುತ್ತಿರಲಿಲ್ಲ.

ಓಕ್‌ಬುನ್ ಜಗಳವಾಡಲಿಲ್ಲ. ಅವಳಿಗೆ ಕಾಲು ನೋಯುತ್ತಿತ್ತು. ಒಬ್ಬಳೇ ಮಗಳು, ಮೂವತ್ತೊಂದಾಯಿತು, ಅವಳ ಮದುವೆ ತನ್ನ ಮುಖದ ದೆಸೆಯಿಂದ ನಿಲ್ಲಬಾರದು ಎಂದುಕೊಂಡು, "ಯಾವುದನ್ನ ಮೊದಲು ಹಚ್ಬೇಕು, ಹೇಳು," ಎಂದಳು.

ಮೊದಲು ನೀರಿನಂಥದ್ದು, ಅದು ಒಣಗಿದ ಮೇಲೆ ಅಂಟಿನಂಥದ್ದು, ಆಮೇಲೆ ಕಣ್ಣಿನ ಕೆಳಗಿನದು, ಬೆಳಿಗ್ಗೆಯಾದರೆ ಬಿಸಿಲಿನದು. ಐದನೆಯದು, ಪುಟ್ಟ ಸೀಸೆಯ ರೆಟಿನಾಲ್ ಕ್ರೀಮು, ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ಜೋರು. ವಾರಕ್ಕೆ ಎರಡೇ ಸಲ, ಮಲಗುವ ಮುಂಚೆ, ಕಡಲೆಕಾಳಿನಷ್ಟು. "ಸುಕ್ಕು ಹೋಗತ್ತೆ. ಮೊದಮೊದಲು ಸಿಪ್ಪೆ ಏಳತ್ತೆ, ಹೆದರ್ಕೋಬೇಡ," ಎಂದು ಹಾರಿಮ್ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದಳು.

ಹೇಳುವುದು ಸುಲಭ. ಸ್ನಾನದ ಮನೆಯ ಹಬೆಯಲ್ಲಿ ಬಿಸಿಲಿನ ಕ್ರೀಮು ಹತ್ತು ನಿಮಿಷಕ್ಕೆ ಕರಗಿ ಕಣ್ಣಿಗಿಳಿಯುತ್ತಿತ್ತು. ಕಪ್ಪು ಒಳಉಡುಪಿನಲ್ಲಿ ನಿಂತು, ಕೈಗೆ ಹಸಿರು ಉಜ್ಜುಬಟ್ಟೆ ಸಿಕ್ಕಿಸಿಕೊಂಡು, ಮೊಣಕೈಯಿಂದ ಕಣ್ಣೊರೆಸಿಕೊಳ್ಳುತ್ತಾ ಓಕ್‌ಬುನ್ ದಿನಕ್ಕೆ ಹದಿನೈದು ಮೈ ಉಜ್ಜುತ್ತಿದ್ದಳು. ಮೇಜಿನ ಮೇಲೆ ಮಲಗಿದವರು ಒಂದು ಮಗ್ಗುಲು ಮುಗಿದ ಮೇಲೆ ತಿರುಗಬೇಕು. ಅದಕ್ಕೆ ಮಾತು ಬೇಕಿಲ್ಲ. ಸೊಂಟದ ಮೇಲೆ ಒದ್ದೆ ಅಂಗೈಯಿಂದ ಚಟ್ ಚಟ್ ಎಂದು ಎರಡು ಏಟು ಹಾಕಿದರೆ ಸಾಕು, ಜಡ್ಜಿಯ ಹೆಂಡತಿಯಾದರೂ ಮೀನು ಮಾರುವವಳಾದರೂ ಮಗ್ಗುಲು ಬದಲಾಯಿಸುತ್ತಾರೆ.

"ಏನಕ್ಕಾ, ಅಳ್ತಿದೀಯಾ?" ಎಂದು ಮಲಗಿದಲ್ಲಿಂದಲೇ ಒಬ್ಬಳು ಕೇಳಿದಳು.

"ಇಲ್ಲಮ್ಮ. ಚೆಂದ ಆಗ್ತಿದೀನಿ."

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಎರಡನೆಯ ವಾರ ಅಂಟಿನ ಸೀಸೆ ಅರ್ಧ ಖಾಲಿಯಾಗಿತ್ತು. ವಿಚಾರಿಸಿದರೆ ಕಿಚೋಲ್ ಗಡ್ಡ ಬೋಳಿಸಿಕೊಂಡ ಮೇಲೆ ಅಂಗೈ ತುಂಬಾ ಸುರಿದುಕೊಂಡು ಕೆನ್ನೆಗೆ ಬಡಿದುಕೊಳ್ಳುತ್ತಿದ್ದ. ಹಾರಿಮ್ ಕೂಗಾಡಿದಳು. "ಗೇಟು ಕಾಯೋನ ಮುಖಾನೂ ಬೀಗರು ನೋಡ್ತಾರಲ್ಲಮ್ಮ," ಎಂದು ಅವನು ನಕ್ಕ. ಮುಖಕ್ಕೆ ಹಚ್ಚುವ ನಾಲ್ಕು ಹಂತ ಮುಗಿಯುವಷ್ಟರಲ್ಲಿ ಬೆಳಗಿನ ಅಕ್ಕಿ ನೆನೆಯಲು ತಡವಾಗುತ್ತಿತ್ತು, ಅಜ್ಜಿಗೆ ಅನ್ನ ಗಟ್ಟಿಯಾಗುತ್ತಿತ್ತು. "ನಿನ್ನ ಸುಕ್ಕು ಹೋಗೋ ಅಷ್ಟೊತ್ತಿಗೆ ನನ್ನ ಇರೋ ನಾಲ್ಕು ಹಲ್ಲೂ ಹೋಗತ್ತೆ," ಎಂದು ಅವಳು ಬಟ್ಟಲು ದೂಡಿದಳು. ಓಕ್‌ಬುನ್ ಅದಕ್ಕೆ ಬಿಸಿನೀರು ಹಾಕಿ ಗಂಜಿ ಮಾಡಿ ಮತ್ತೆ ಮುಂದಿಟ್ಟಳು.

ನಾಲ್ಕನೆಯ ವಾರಕ್ಕೆ ಅವಳ ಮೂಗಿನ ಇಕ್ಕೆಲದಲ್ಲಿ, ಗಲ್ಲದ ಮೇಲೆ ಬಿಳೀ ಸಿಪ್ಪೆ ಏಳತೊಡಗಿತು. ಉಪ್ಪಿನಕಾಯಿ ಖಾರ ತಗಲಿದರೆ ಮುಖವೆಲ್ಲ ಉರಿ. ಹಾರಿಮ್ ದೀಪದ ಕೆಳಗೆ ಅಮ್ಮನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. "ಒಳಗಿಂದ ಹೊಸ ಚರ್ಮ ಬರ್ತಿದೆ. ಚೆನ್ನಾಗೇ ಆಗತ್ತೆ." ಆಮೇಲೆ ಅಮ್ಮನ ಕೈ ಹಿಡಿದು ನೋಡಿ ಅವಳ ಮುಖ ಇಳಿಯಿತು. "ಈ ಕೈಗೇನು ಮಾಡೋದಮ್ಮ? ಊಟದ ಹೊತ್ತಲ್ಲಿ ಚಾಪ್‌ಸ್ಟಿಕ್ ಹಿಡಿದಾಗ ಕಾಣ್ತವಲ್ಲ."

ಓಕ್‌ಬುನ್ ಕೈ ಎಳೆದುಕೊಂಡಳು. "ಕೊಯ್ದು ಮನೇಲಿಟ್ಟು ಬರ್ತೀನಿ."

"ತಮಾಷೆ ಬೇಡ. ಅವರು ಅಂಗಡಿ ವಿಷಯ ಕೇಳಿದ್ರೆ ಏನು ಹೇಳ್ತೀಯ, ಹೇಳು ನೋಡೋಣ."

"ಚಿಕ್ಕದು. ಗೊತ್ತಿರೋರು ಮಾತ್ರ ಬರ್ತಾರೆ."

"ಎಲ್ಲಿದೆ ಅಂದ್ರೆ?"

"ಮಾರ್ಕೆಟ್ ಹತ್ರ."

"ಮಾರ್ಕೆಟ್ ಅನ್ಬೇಡ! ಬಂದರಿನ ಹತ್ರ ಅನ್ನು. ಮಾತು ಕಮ್ಮಿ ಆಡು. ಜಾಸ್ತಿ ನಗ್ಬೇಡ, ನಕ್ರೆ ಸುಕ್ಕು ಕಾಣತ್ತೆ."

ಓಕ್‌ಬುನ್‌ಗೆ ಮಗಳನ್ನು ಬೈಯಬೇಕೆನಿಸಿತು. ಹನ್ನೆರಡು ವರ್ಷದವರೆಗೆ ಇದೇ ಹುಡುಗಿ ಶಾಲೆ ಬಿಟ್ಟು ನೇರ ಸ್ನಾನದ ಮನೆಗೆ ಬಂದು, ಮೇಜು ಖಾಲಿಯಾದ ಕೂಡಲೇ ಹತ್ತಿ ಮಲಗಿ, 'ಅಮ್ಮ, ನನ್ನ ಸರದಿ' ಎನ್ನುತ್ತಿದ್ದಳು. ಹದಿಮೂರಕ್ಕೆ ಬರುವುದು ನಿಲ್ಲಿಸಿದಳು. ಯಾಕೆಂದು ಓಕ್‌ಬುನ್ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ.

ಊಟದ ಹಿಂದಿನ ದಿನ ಶುಕ್ರವಾರ. ಶುಭಕಾರ್ಯಕ್ಕೆ ಮುಂಚೆ ಮೈಕೊಳೆ ಹೊತ್ತುಕೊಂಡು ಹೋಗಬಾರದು ಎನ್ನುವುದು ಆ ಕಡೆಯ ಹಿರಿಯರ ಪದ್ಧತಿ. ತಾನು ಊಟಕ್ಕೆ ಹೋಗುವವಳಲ್ಲದಿದ್ದರೂ ಅಜ್ಜಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಸೋಪು, ಟವೆಲು ತುಂಬಿಕೊಂಡು ಮಧ್ಯಾಹ್ನ ಸ್ನಾನದ ಮನೆಗೆ ಬಂದಳು. ಓಕ್‌ಬುನ್ ಹದಿಮೂರನೆಯ ಮೈ ಮುಗಿಸಿ ಮೇಜಿಗೆ ನೀರು ಸುರಿಯುತ್ತಿದ್ದಳು.

"ಮಲಕ್ಕೊಳ್ಳಿ ಅತ್ತೆ, ನಿಮ್ಮದೂ ಮುಗಿಸ್ತೀನಿ."

"ನಂದು ಇರಲಿ. ನೀನು ಮಲಕ್ಕೋ."

"ನಾನಾ?"

"ಇಪ್ಪತ್ತಾರು ವರ್ಷದಲ್ಲಿ ನಿನ್ನ ಬೆನ್ನು ಯಾರಾದ್ರೂ ಉಜ್ಜಿದಾರೇನೆ? ಊರೋರ ಕೊಳೆ ಎಲ್ಲಾ ತೆಗೆದು ನಿಂದು ಹಾಗೇ ಹೊತ್ಕೊಂಡು ಬೀಗರ ಮುಂದೆ ಕೂರ್ತೀಯಾ? ಮಲಕ್ಕೋ ಅಂದ್ರೆ ಮಲಕ್ಕೋ, ಹಾರಿಮ್ ಅಮ್ಮ. ಕೈಗಿನ್ನೂ ಶಕ್ತಿ ಇದೆ."

ಎಂಬತ್ತೊಂದರ ಮುದುಕಿ, ಮೂಳೆ ಚಕ್ಕಳ. ಆದರೂ ಅವಳ ಕೈ ಹದವಾಗಿತ್ತು. ಬೆಚ್ಚಗಿನ ನೀರು ಬೆನ್ನ ಮೇಲೆ ಬಿದ್ದದ್ದು ಗೊತ್ತು, ಹೆಗಲಿಂದ ಬಟ್ಟೆ ಇಳಿದದ್ದು ಗೊತ್ತು. ಸೊಂಟಕ್ಕೆ ಚಟ್ ಚಟ್ ಎಂದು ಏಟು ಬಿದ್ದಾಗ ಓಕ್‌ಬುನ್ ನಿದ್ದೆಯಲ್ಲೇ ತಿರುಗಿದಳು. ಆರು ವಾರದ, ಇಪ್ಪತ್ತಾರು ವರ್ಷದ ಆಯಾಸವೆಲ್ಲ ಒಟ್ಟಿಗೆ ಬಂದು ಅವಳನ್ನು ಮಲಗಿಸಿಬಿಟ್ಟಿತ್ತು.

ಅತ್ತೆ ಕುತ್ತಿಗೆ ಮುಗಿಸಿ ಸೊಸೆಯ ಮುಖ ನೋಡಿದಳು. ಮೂಗಿನ ಪಕ್ಕ, ಗಲ್ಲದ ಮೇಲೆ, ಹಣೆಯಂಚಿನಲ್ಲಿ ಬಿಳೀ ಸಿಪ್ಪೆ. ಅಯ್ಯೋ, ಊರಿನ ಕೊಳೆ ತೆಗೆಯುವವಳ ಮುಖದ ಮೇಲೇ ಇಷ್ಟು ಕೊಳೆಯೇ, ಹೊತ್ತಿಗೆ ಸರಿಯಾಗಿ ನಾನು ಬಂದದ್ದು ಒಳ್ಳೆಯದಾಯಿತು ಎಂದು ಅವಳ ಕರುಳು ಚುರ್ ಎಂದಿತು. ಹಸಿರು ಬಟ್ಟೆಯನ್ನು ಮತ್ತೊಮ್ಮೆ ನೆನೆಸಿ, ಎಬ್ಬಿಸಬಾರದೆಂದು ಮೆಲ್ಲಗೆ, ಆದರೆ ಬಿಡದೆ, ಒಂದು ಚೂರು ಸಿಪ್ಪೆಯೂ ಉಳಿಯದಂತೆ ಉಜ್ಜಿದಳು.

ಓಕ್‌ಬುನ್ ಎಚ್ಚರವಾಗಿ ಚೀರಿಕೊಂಡಾಗ ಕೆಲಸ ಮುಗಿದಿತ್ತು.

ಶನಿವಾರ ಬೆಳಿಗ್ಗೆ ಆ ಮುಖ ಹೊಸದಾಗಿ ಸುಲಿದ ಗೆಣಸಿನಂತಿತ್ತು, ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಾ. ಪೌಡರು ಮುಟ್ಟಿಸಿದರೆ ನೀರು ಬರುವಷ್ಟು ಉರಿ. ಹಾರಿಮ್ ಬಾಗಿಲಲ್ಲೇ ನಿಂತುಬಿಟ್ಟಳು.

"ಯಾರು ಮಾಡಿದ್ದು ಇದನ್ನ?"

ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. "ಕೊಳೆ ಅಂದ್ಕೊಂಡೆ," ಎಂದಳು.

"ಕೊಳೆ? ಅಜ್ಜಿ, ಅದು ಕ್ರೀಮಿಗೆ ಎದ್ದಿದ್ದ ಸಿಪ್ಪೆ! ಮುಖಕ್ಕೆ ಯಾರಾದ್ರೂ ಆ ಬಟ್ಟೆ ಹಾಕ್ತಾರಾ? ಬೇಕಂತಲೇ ಮಾಡಿದ್ಯಾ?"

"ಹಾರಿಮ್, ಬಾಯಿ ಹಿಡಿ," ಎಂದಳು ಓಕ್‌ಬುನ್.

"ಏನು ಹಿಡಿಯೋದು? ಹನ್ನೆರಡೂವರೆಗೆ ಅಲ್ಲಿರಬೇಕು. ಸರಿ, ಹೀಗ್ಮಾಡೋಣ. ಅಮ್ಮಂಗೆ ಇದ್ದಕ್ಕಿದ್ದ ಹಾಗೆ ಜ್ವರ ಬಂತು ಅಂತ ಹೇಳೋಣ. ಚಿಕ್ಕಮ್ಮನ್ನ ಕರ್ಕೊಂಡು ಹೋಗ್ತೀನಿ. ಅವಳು ನೋಡಕ್ಕೂ ಚೆನ್ನಾಗಿದಾಳೆ."

ಕಿಚೋಲ್ ಎರಡು ದಿನ ಮುಂಚೆಯೇ ಇಸ್ತ್ರಿ ಮಾಡಿಸಿಟ್ಟಿದ್ದ ಕೋಟನ್ನು ಹಾಕಿಕೊಳ್ಳುತ್ತಿದ್ದವನು ಒಂದು ತೋಳು ಹಾಗೇ ಬಿಟ್ಟ. "ನಿಮ್ಮಮ್ಮ ಬರಲ್ಲ ಅಂದ್ರೆ ನಾನೂ ಬರಲ್ಲ. ಚಿಕ್ಕಮ್ಮ ಚಿಕ್ಕಪ್ಪನ್ನೇ ಕೂರಿಸಿ ಮದುವೆ ಮಾಡ್ಕೋ."

ಹಾರಿಮ್ ಅಳಲಿಲ್ಲ, ಮೊಬೈಲು ತೆಗೆದು ಟ್ಯಾಕ್ಸಿ ಕರೆದಳು. ಮೂವರೂ ಚಪ್ಪಲಿ ಮೆಟ್ಟುವಾಗ ಅಜ್ಜಿ ಅಲ್ಲಿಂದ ಏಳಲಿಲ್ಲ. ಅವಳ ಮುಂದಿನ ಗಂಜಿಯ ಮೇಲೆ ಕೆನೆ ಕಟ್ಟಿತ್ತು, ಚಮಚ ಒಣಗಿಯೇ ಇತ್ತು. ಓಕ್‌ಬುನ್ ಅದನ್ನು ನೋಡಿಕೊಂಡೇ ಹೊರಟಳು.

ಹೋಟೆಲಿನಲ್ಲಿ ಅವರಿಗೆಂದೇ ಒಂದು ಕೋಣೆ, ಉದ್ದನೆಯ ಮೇಜು. ಉಜಿನ್ ಬಾಗಿಲಿಗೇ ಬಂದು ಬಗ್ಗಿ ನಮಸ್ಕರಿಸಿದ. ಅವನ ಅಪ್ಪ ನೆಟ್ಟಗೆ ಕೂತಿದ್ದರು. ಅವನ ಅಮ್ಮ ಕಿಟಕಿಗೆ ಬೆನ್ನು ಮಾಡಿ, ಬೆಳಕು ಮುಖಕ್ಕೆ ಬೀಳದಂತೆ ಕೂತಿದ್ದರು. ಮುಖಕ್ಕೆ ಬೆರಳು ದಪ್ಪ ಬಣ್ಣ. ಮಾತಾಡುವಾಗಲೂ ಕೆನ್ನೆ ಅಲುಗದ ಹಾಗೆ ತುಟಿಯಷ್ಟನ್ನೇ ಆಡಿಸುತ್ತಿದ್ದರು. ದೊಡ್ಡ ಮನೆಯ ಗತ್ತು ಎಂದುಕೊಂಡಳು ಓಕ್‌ಬುನ್.

ಚಿಪ್ಪುಮೀನಿನ ಗಂಜಿ ಬಂತು, ಬೇಯಿಸಿದ ಮಾಂಸ ಬಂತು, ಹದಿನೇಳು ಪುಟ್ಟ ಬಟ್ಟಲು ಬಂದವು. ಹವೆಯ ಮಾತಾಯಿತು, ಟ್ರಾಫಿಕ್ಕಿನ ಮಾತಾಯಿತು. ಓಕ್‌ಬುನ್ ಎಡಗೈಯನ್ನು ಮೇಜಿನ ಕೆಳಗಿಟ್ಟು ಬಲಗೈಯಲ್ಲಿ ಬೀನ್ಸಿನ ಒಂದೊಂದೇ ಕಾಳು ಎತ್ತುತ್ತಿದ್ದಳು. ಬೀಗಿತಿ ಅವಳ ಮುಖವನ್ನು ಕದ್ದು ಕದ್ದು ನೋಡುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು.

"ಕೇಳೋದು ತಪ್ಪೋ ಏನೋ," ಎಂದರು ಬೀಗಿತಿ ಕೊನೆಗೆ. "ತಾವು ಇತ್ತೀಚೆಗೆ ಪೀಲಿಂಗ್ ಮಾಡಿಸ್ಕೊಂಡ ಹಾಗಿದೆ. ಕ್ಲಿನಿಕ್‌ನಲ್ಲಿ ಸಿಪ್ಪೆ ತೆಗೆಸ್ಕೊಂಡೋರ ಮುಖ ಹೀಗೇ ಕೆಂಪಗಿರತ್ತಂತೆ, ಆಮೇಲೆ ಮಗುವಿನ ಹಾಗಾಗತ್ತಂತೆ."

ಹಾರಿಮ್‌ಗೆ ಹೋದ ಜೀವ ಬಂತು. "ಹೌದು ಹೌದು. ಅಮ್ಮನ ಅಂಗಡಿಗೆ ಹೊಸ ಯಂತ್ರ ಬಂದಿದೆ. ಗಿರಾಕಿಗಳಿಗೆ ಮಾಡೋಕೆ ಮುಂಚೆ ತಾನೇ ಹಾಕಿ ನೋಡ್ತಾರೆ."

"ಹೌದಾ! ಯಾವ ಯಂತ್ರ?"

ದೇವರೇ ಕೊಟ್ಟಂಥ ದಾರಿ. ಯಾವುದೋ ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಓಕ್‌ಬುನ್ ಹೇಳಲು ಬಾಯಿ ತೆರೆದಳು. ಮನೆಯ ಮೂಲೆಯಲ್ಲಿ ಕೆನೆಗಟ್ಟಿದ ಗಂಜಿಯ ಮುಂದೆ ಗೋಡೆ ನೋಡುತ್ತಾ ಕೂತವಳು ಕಣ್ಣ ಮುಂದೆ ಬಂದಳು.

"ಯಂತ್ರ ಅಲ್ಲ," ಎಂದಳು. "ನಮ್ಮತ್ತೆ."

ಬೀಗರ ಚಾಪ್‌ಸ್ಟಿಕ್ ನಡುದಾರಿಯಲ್ಲಿ ನಿಂತಿತು. ಹಾರಿಮ್ ಮೇಜಿನ ಕೆಳಗೆ ಅಮ್ಮನ ತೊಡೆ ಹಿಡಿದು ಒತ್ತಿದಳು.

"ನಂಗೆ ಅಂಗಡಿ ಇಲ್ಲ. ಮಾರ್ಕೆಟ್ ಹಿಂದಿನ ಸ್ನಾನದ ಮನೇಲಿ ಮೈ ಉಜ್ಜೋ ಕೆಲಸ. ಇವಳ ಶಾಲೆ ಕಾಲೇಜು ಎಲ್ಲಾ ಅದರಲ್ಲೇ ಆಗಿದ್ದು. ನಿನ್ನೆ ನಮ್ಮತ್ತೆ ಬಂದು, ನಿನ್ನ ಬೆನ್ನು ಯಾರೂ ಉಜ್ಜಿಲ್ಲ ಅಂತ ನನ್ನ ಮಲಗಿಸಿ ಉಜ್ಜಿದ್ರು. ಕಣ್ಣು ಮಂಜು, ಕ್ರೀಮಿನ ಸಿಪ್ಪೆನ ಕೊಳೆ ಅಂದ್ಕೊಂಡ್ರು. ಎಂಬತ್ತೊಂದು ವರ್ಷ ಅವರಿಗೆ." ಎಡಗೈಯನ್ನೂ ಮೇಲೆ ತಂದು ಮೇಜಿನ ಮೇಲಿಟ್ಟಳು. "ಮಗಳು ಸುಳ್ಳು ಹೇಳಿದ್ದು ತಪ್ಪು. ನಾನು ಒಪ್ಪಿಕೊಂಡು ಬಂದಿದ್ದೂ ತಪ್ಪು. ಕ್ಷಮಿಸಬೇಕು."

ಉಜಿನ್ ನೀರು ಕುಡಿದ. ಅವನ ಅಪ್ಪ ಕೆಮ್ಮಿ, "ಮೀನು ತಣ್ಣಗಾಗತ್ತೆ, ತಗೊಳ್ಳಿ," ಎಂದರು. ಬೀಗಿತಿ ಕೆನ್ನೆ ಅಲುಗಿಸದೆ ಕೂತಿದ್ದರು.

"ಒಂದು ಊಟ," ಎಂದಳು ಹಾರಿಮ್ ವಾಪಸು ಬರುವ ಟ್ಯಾಕ್ಸಿಯಲ್ಲಿ. "ಎರಡು ಗಂಟೆ. ಅಷ್ಟೊತ್ತು ಬಾಯಿ ಮುಚ್ಕೊಂಡಿರಕ್ಕೆ ಆಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲ."

"ನನ್ನ ಜೀವನ ಅಮ್ಮ ಇದು."

"ನಂದೂ," ಎಂದಳು ಓಕ್‌ಬುನ್, ಕಿಟಕಿಯ ಕಡೆ ತಿರುಗಿ.

ಬೀಗರ ಮನೆಯಿಂದ ಫೋನಿಲ್ಲ. ಭಾನುವಾರ ಹೋಯಿತು, ಒಂದು ವಾರ ಹೋಯಿತು. ಉಜಿನ್‌ನನ್ನು ಕೇಳಿದರೆ 'ಅಪ್ಪ ಅಮ್ಮ ಏನೂ ಹೇಳ್ತಿಲ್ಲ' ಎನ್ನುತ್ತಿದ್ದನಂತೆ. ಹಾರಿಮ್ ಹೊರಗೇ ತಿಂದು ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಊಟದ ಮೇಜಿನ ಮೇಲೆ ನಾಲ್ಕನೆಯ ಬಟ್ಟಲನ್ನು ಓಕ್‌ಬುನ್ ದಿನವೂ ಇಡುತ್ತಿದ್ದಳು, ದಿನವೂ ತೆಗೆಯುತ್ತಿದ್ದಳು. ಅಜ್ಜಿ ಚುಚ್ಚು ಮಾತನ್ನೇ ಬಿಟ್ಟಿದ್ದಳು. ಸೊಸೆ ಕೆಲಸದಿಂದ ಬಂದ ಕೂಡಲೇ ಸೌತೆಕಾಯಿ ತುರಿದು ತಂದು ಅವಳ ಉರಿಯುವ ಮುಖದ ಮೇಲೆ ಹರಡಿ ಪಕ್ಕದಲ್ಲಿ ಕೂರುತ್ತಿದ್ದಳು.

"ಬೀಗರ ಮನೆ, ಕಕ್ಕಸು, ಎರಡೂ ದೂರ ಇದ್ದಷ್ಟು ಒಳ್ಳೇದು ಅಂತ ಗಾದೆನೇ ಇದೆ," ಎಂದಳು ಒಂದು ದಿನ. "ತೀರಾ ಇಷ್ಟು ದೂರ ಆಗ್ಬಾರದಿತ್ತು. ಎಲ್ಲಾ ನನ್ನ ಕೈಯಿಂದ ಆಯ್ತು."

"ನಿಮ್ಮ ಕೈ ಹದವಾಗಿತ್ತು ಅತ್ತೆ. ಹಾಗೆ ನಿದ್ದೆ ಮಾಡಿ ನಂಗೆ ಎಷ್ಟು ವರ್ಷ ಆಗಿತ್ತು."

ಸೋಮವಾರ ಸಂಜೆ ಹಾರಿಮ್ ಅಡುಗೆಮನೆಗೆ ಬಂದಳು. ಕೇಳದೆ ಬಟ್ಟಲೆಳೆದುಕೊಂಡು, ತಣ್ಣನೆ ಅನ್ನಕ್ಕೆ ನೀರು ಹಾಕಿಕೊಂಡು, ನಿಂತೇ ತಿಂದಳು.

"ನಿಂಗೆ ಯಾವತ್ತು ರಶ್ ಕಮ್ಮಿ ಇರತ್ತೆ?"

"ಮಂಗಳವಾರ ಬೆಳಿಗ್ಗೆ. ಯಾಕೆ?"

"ಸುಮ್ನೆ."

ಅಷ್ಟೇ. ಬಟ್ಟಲು ತೊಳೆದಿಟ್ಟು ಹೋದಳು.

ಮರುದಿನ ಒಂಬತ್ತರ ಹೊತ್ತಿಗೆ ಓಕ್‌ಬುನ್ ಎರಡನೆಯ ಮೈ ಮುಗಿಸಿ ಸರದಿಗೆಂದು ಗಿರಾಕಿಗಳು ಕೊಕ್ಕೆಗೆ ನೇತುಹಾಕಿದ್ದ ಲಾಕರ್ ಬೀಗದ ಕೈಗಳಲ್ಲಿ ಮುಂದಿನದರ ನಂಬರು ಕೂಗಿದಳು. "ನಲವತ್ತೆರಡು!"

ಹಬೆಯೊಳಗಿಂದ ಒಬ್ಬ ಹೆಂಗಸು ಎದೆಗೆ ಟವೆಲು ಅವುಚಿಕೊಂಡು ಬಂದು ಮೇಜಿನ ಪಕ್ಕ ನಿಂತಳು. ಮುಖದಲ್ಲಿ ಬಣ್ಣವಿಲ್ಲ. ಮೂಗಿನ ಇಕ್ಕೆಲದಲ್ಲಿ ಕೆಂಪು, ಗಲ್ಲದ ಮೇಲೆ ಬಿಳೀ ಸಿಪ್ಪೆ. ಒಂದು ಕ್ಷಣ ಕನ್ನಡಿಯಲ್ಲಿ ತನ್ನದೇ ಹೋದ ತಿಂಗಳ ಮುಖ ನೋಡಿದ ಹಾಗಾಯಿತು ಓಕ್‌ಬುನ್‌ಗೆ. ಆಮೇಲೆ ಗುರುತು ಸಿಕ್ಕಿತು.

"ಬೀಗಿತಿಯವರೇ... ತಾವು..."

ಒಳಉಡುಪಿನಲ್ಲಿದ್ದವಳು ಸೊಂಟದವರೆಗೆ ಬಗ್ಗಿದಳು. ಬರಿಮೈಯಲ್ಲಿದ್ದವರೂ ಟವೆಲು ಹಿಡಿದುಕೊಂಡೇ ಅಷ್ಟೇ ಬಗ್ಗಿದರು. ತೊಟ್ಟಿಯಲ್ಲಿ ಕೂತಿದ್ದ ಇಬ್ಬರು ಮುದುಕಿಯರು ಬಾಯಿ ಬಿಟ್ಟು ನೋಡಿದರು.

"ನಿಮ್ಮ ಮಗಳು ನಿನ್ನೆ ಮನೆಗೆ ಬಂದಿದ್ಲು," ಎಂದರು ಬೀಗಿತಿ. "ತಪ್ಪಾಯ್ತು ಅಂದ್ಲು. ನಮ್ಮಮ್ಮನ ಕೈ ಒಂದು ಸಲ ನೋಡಿ, ಆಮೇಲೆ ಏನು ಬೇಕಾದ್ರೂ ಹೇಳಿ ಅಂದ್ಲು. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಒಂಬತ್ತಕ್ಕೆ ಹೋಗಿ, ರಶ್ ಇರಲ್ಲ ಅಂದ್ಲು."

ಓಕ್‌ಬುನ್ ಮೇಜಿಗೆ ಒಂದರ ಮೇಲೊಂದು ಮೂರು ಬಕೆಟ್ಟು ಬಿಸಿನೀರು ಸುರಿದಳು.

ಬೀಗಿತಿ ಹತ್ತಿ ಬೋರಲಾಗಿ ಮಲಗಿದರು. "ಒಂದು ಮಾತು. ಮುಖ ಮಾತ್ರ ಮುಟ್ಬೇಡಿ. ಉರಿ."

"ಅದಕ್ಕೇನು ಹಚ್ಚಿದ್ರಿ?"

"ಇನ್ನೇನು, ನಿಮ್ಮದೇ ಕ್ರೀಮಿರಬೇಕು. ಉಜಿನ್ ತಂದ್ಕೊಟ್ಟ. ಬೀಗಿತಿ ಸ್ಕಿನ್ ಕೇರ್‌ನೋರಮ್ಮ, ಮೊದಲು ನಿನ್ನ ಮುಖಾನೇ ನೋಡ್ತಾರೆ ಅಂದ. ಒಂದೂವರೆ ತಿಂಗಳು ಹಚ್ಚಿದೀನಿ. ಆವತ್ತು ಬಣ್ಣದ ಕೆಳಗೆ ಹೇಗೆ ಉರೀತಿತ್ತು ಅಂದ್ರೆ, ನೀವು ಹೇಳಿದ್ದು ಅರ್ಧ ಕಿವಿಗೇ ಬೀಳಲಿಲ್ಲ. ಮನೆಗೆ ಹೋಗಿ ಗಂಡನ್ನ ಕೇಳಿದೆ, ಅವರೇನಂದ್ರು ಅಂತ." ಬೀಗಿತಿ ನಿಟ್ಟುಸಿರು ಬಿಟ್ಟರು. "ಇಷ್ಟು ದಿನ ಫೋನ್ ಮಾಡ್ಲಿಲ್ಲ. ಏನು ಮಾಡ್ಲಿ ಹೇಳಿ. ನೀವು ಎದುರು ಕೂತು ನಿಜ ಹೇಳಿದ್ರಿ. ನನಗೆ ಈ ಮುಖ ಇಟ್ಕೊಂಡು ಏನು ಹೇಳೋದು ಅಂತ ಗೊತ್ತಾಗಲಿಲ್ಲ."

ಓಕ್‌ಬುನ್ ಕೈಗೆ ಹಸಿರು ಬಟ್ಟೆ ಸಿಕ್ಕಿಸಿಕೊಂಡು ಹೆಗಲಿನಿಂದ ಶುರು ಮಾಡಿದಳು. ಅಗಲವಾದ, ಸುಸ್ತಾದ ಬೆನ್ನು ಅದು, ಅವಳು ದಿನವೂ ನೋಡುವಂಥದ್ದೇ. ಸೊಂಟಕ್ಕೆ ಬರುವಷ್ಟರಲ್ಲಿ ಬೀಗಿತಿಯ ಉಸಿರು ನಿಧಾನವಾಗಿ, ಸಣ್ಣಗೆ ಗೊರಕೆಯೂ ಕೇಳಿಸಿತು.

ಆ ಕಡೆ ಮುಗಿಯಿತು. ಈಗ ತಿರುಗಬೇಕು.

"ಬೀಗಿತಿಯವರೇ, ತಾವು ದಯವಿಟ್ಟು ಈ ಕಡೆ ತಿರುಗ್ತೀರಾ?"

ಉತ್ತರವಿಲ್ಲ. ಇನ್ನೊಮ್ಮೆ, ಇನ್ನೂ ಮರ್ಯಾದೆಯಿಂದ ಕೇಳಿದಳು. ಗೊರಕೆಯೇ ಉತ್ತರ. ಓಕ್‌ಬುನ್ ತನ್ನ ಒದ್ದೆ ಅಂಗೈ ನೋಡಿಕೊಂಡಳು. ಆಮೇಲೆ ಅದನ್ನೆತ್ತಿ ಬೀಗಿತಿಯ ಸೊಂಟಕ್ಕೆ ಚಟ್ ಚಟ್ ಎಂದು ಎರಡು ಏಟು ಹಾಕಿದಳು. ಬೀಗಿತಿ ತುಟಿ ಪಿಟಕ್ಕೆನ್ನದೆ ಮಗ್ಗುಲು ತಿರುಗಿದರು.